ಡೆಡಿಕೇಟೆಡ್ ಸರ್ವರ್: ಬ್ಯಾಂಡ್‌ವಿಡ್ತ್ ಆಯ್ಕೆ

ಇಡೀ ಕಂಪ್ಯೂಟರನ್ನು ಒಬ್ಬರೇ ಗ್ರಾಹಕರಿಗೆ ಬಾಡಿಗೆಗೆ ಕೊಡುವ ವ್ಯವಸ್ಥೆಯೇ ಡೆಡಿಕೇಟೆಡ್ ಸರ್ವರ್ ಹೋಸ್ಟಿಂಗ್. ಪ್ಲಾನ್ ಆರಿಸುವಾಗ ಹೆಚ್ಚಿನವರ ಕಣ್ಣು ಪ್ರೊಸೆಸರ್, ಮೆಮೊರಿಗಳ ಮೇಲಿರುತ್ತದೆ. ಆದರೆ ನೋಡುಗರು ಮುಗಿಬಿದ್ದಾಗ ಜಾಲತಾಣ ತಡೆದುಕೊಳ್ಳುತ್ತದೆಯೇ, ತಿಂಗಳ ಕೊನೆಗೆ ಬಿಲ್ ಎಷ್ಟಾಗುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಬ್ಯಾಂಡ್‌ವಿಡ್ತ್.

ಪ್ಲಾನಿನಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಪೋರ್ಟ್ ವೇಗ: ಸೆಕೆಂಡಿಗೆ 100 ಮೆಗಾಬಿಟ್, 1 ಗಿಗಾಬಿಟ್, 10 ಗಿಗಾಬಿಟ್. ಇನ್ನೊಂದು ತಿಂಗಳಿಗೆ ಸಾಗಿಸಬಹುದಾದ ಡೇಟಾ, ಅದರ ಲೆಕ್ಕ ಟೆರಾಬೈಟಿನಲ್ಲಿ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದಲ್ಲಿರುವ ಮಾನ್ವಿಯ ರೈತರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಜಲಾಶಯದಲ್ಲಿ ಎಷ್ಟು ಟಿಎಂಸಿ ನೀರಿದೆ ಎಂಬುದು ಒಂದು ಮಾತು, ತಮ್ಮ ಕಾಲುವೆಗೆ ಎಷ್ಟು ಕ್ಯೂಸೆಕ್ ಹರಿಯುತ್ತಿದೆ ಎಂಬುದು ಬೇರೆಯೇ ಮಾತು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 1 ಗಿಗಾಬಿಟ್ ಪೋರ್ಟ್ 30 ದಿನ ಬಿಡುವಿಲ್ಲದೆ ತುಂಬಿ ಹರಿದರೆ 324 ಟೆರಾಬೈಟ್ ಸಾಗುತ್ತದೆ.

ಹಾಗೆ ತುಂಬಿ ಹರಿಯುವುದು ಅಪರೂಪ. ರಾಯಚೂರು ನಗರದ ಕೋಚಿಂಗ್ ಕೇಂದ್ರವೊಂದು ಪ್ರತಿ ಸಂಜೆ ಎರಡು ಗಂಟೆ ವಿಡಿಯೊ ಪಾಠ ಮಾಡುತ್ತದೆ ಎಂದುಕೊಳ್ಳೋಣ. ಒಬ್ಬ ವಿದ್ಯಾರ್ಥಿಗೆ ಸೆಕೆಂಡಿಗೆ 2 ಮೆಗಾಬಿಟ್‌ನಂತೆ 500 ಮಂದಿ ಒಟ್ಟಿಗೆ ಕೂತರೆ 1 ಗಿಗಾಬಿಟ್ ಪೋರ್ಟ್ ಪೂರ್ತಿ ಭರ್ತಿ. 501ನೆಯವರು ಬಂದರೆ ಪಾಠ ತಡವರಿಸತೊಡಗುತ್ತದೆ. ಇಷ್ಟಾದರೂ ತಿಂಗಳ ಒಟ್ಟು ಬಳಕೆ 27 ಟೆರಾಬೈಟ್ ಮಾತ್ರ! 100 ಟೆರಾಬೈಟ್ ಕೊಡುತ್ತೇವೆ ಎಂಬ ಜಾಹೀರಾತು ಈ ಕೇಂದ್ರದ ಕಷ್ಟಕ್ಕೆ ಒದಗುವುದಿಲ್ಲ. ಅದು ನೋಡಬೇಕಾದದ್ದು ಸಂಜೆಯ ಆ ಎರಡು ಗಂಟೆಯನ್ನು.

ಬಿಲ್ಲಿಂಗಿನಲ್ಲಿ ಮೂರು ರೂಢಿಗಳಿವೆ. ಮೀಟರ್ಡ್ ಪ್ಲಾನಿನಲ್ಲಿ ಮಿತಿ ದಾಟಿದ ಡೇಟಾಕ್ಕೆ ಹೆಚ್ಚುವರಿ ಹಣ ಕೊಡಬೇಕು, ಇಲ್ಲವೇ ವೇಗ ಇಳಿಯುತ್ತದೆ. ಅನ್‌ಮೀಟರ್ಡ್‌ನಲ್ಲಿ ಡೇಟಾಕ್ಕೆ ಲೆಕ್ಕವಿಲ್ಲ, ಪೋರ್ಟ್ ವೇಗವೇ ಮಿತಿ.

ಮೂರನೆಯದು 95ನೇ ಪರ್ಸೆಂಟೈಲ್ ಪದ್ಧತಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಐದು ನಿಮಿಷಕ್ಕೊಮ್ಮೆ ಬಳಕೆಯ ವೇಗವನ್ನು ಅಳೆಯುತ್ತಾರೆ. 30 ದಿನಕ್ಕೆ 8,640 ಅಳತೆಗಳು. ಅವುಗಳಲ್ಲಿ ಅತಿ ಹೆಚ್ಚಿನ ಶೇ 5ನ್ನು, ಅಂದರೆ 36 ಗಂಟೆಗಳಷ್ಟನ್ನು ಕೈಬಿಟ್ಟು, ಉಳಿದವುಗಳಲ್ಲಿ ಗರಿಷ್ಠವಾದದ್ದಕ್ಕೆ ಬಿಲ್ ಹಾಕುತ್ತಾರೆ. ಪರೀಕ್ಷಾ ಫಲಿತಾಂಶ ಪ್ರಕಟವಾದ ದಿನದ ಕೆಲವು ಗಂಟೆಗಳ ನೂಕುನುಗ್ಗಲು ಈ 36 ಗಂಟೆಯೊಳಗೇ ಮುಗಿದುಹೋಗುವುದರಿಂದ ಅಂಥ ಜಾಲತಾಣಕ್ಕೆ ಇದು ಹೇಳಿ ಮಾಡಿಸಿದ ಪದ್ಧತಿ. ಕೋಚಿಂಗ್ ಕೇಂದ್ರದ್ದು ತಿಂಗಳಿಗೆ 60 ಗಂಟೆ. ಅದು ಪೂರ್ತಿ 1 ಗಿಗಾಬಿಟ್‌ಗೆ ಹಣ ತೆರುತ್ತದೆ. ಪಾಠವನ್ನು ಒಂದು ಗಂಟೆಗೆ ಇಳಿಸಿದರೆ ಬಿಲ್ ಕುಸಿಯುತ್ತದೆ.

ಸರ್ವರ್ ಎಲ್ಲಿದೆ ಎಂಬುದೂ ಮುಖ್ಯ. ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಎರಡೂ ಕಡೆ ದೊಡ್ಡ ಡೇಟಾ ಸೆಂಟರ್‌ಗಳಿವೆ. ಅಮೆರಿಕದ ಸರ್ವರ್ ಬಾಡಿಗೆ ಅಗ್ಗವೆನಿಸಬಹುದು, ಆದರೆ ಪ್ರತಿ ಕೋರಿಕೆಯೂ ಸಮುದ್ರದಾಳದ ಕೇಬಲ್ ದಾಟಿ ಹೋಗಿಬರಬೇಕು. ಪೋರ್ಟ್ ಎಷ್ಟೇ ದೊಡ್ಡದಿದ್ದರೂ ಈ ವಿಳಂಬ ತಪ್ಪದು.

ಇನ್ನೊಂದು ತುದಿಯೂ ಇದೆ. 2011ರಲ್ಲಿ ಮಂಜೂರಾದ, ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆ ಪ್ರತಿ ಗ್ರಾಮ ಪಂಚಾಯಿತಿಗೆ ಕನಿಷ್ಠ 100 ಮೆಗಾಬಿಟ್ ತಲುಪಿಸುವ ಗುರಿ ಇಟ್ಟುಕೊಂಡಿತು. ದೇವದುರ್ಗದ ಪಂಚಾಯಿತಿಯೊಂದರಲ್ಲಿ ಆ ಸಂಪರ್ಕ ಪೂರ್ಣ ವೇಗದಲ್ಲಿದ್ದರೂ ಮೇಲಿನ ವಿಡಿಯೊವನ್ನು ಐವತ್ತು ಮಂದಿ ನೋಡುವಷ್ಟಕ್ಕೆ ಅದು ಭರ್ತಿ. ಹಳ್ಳಿಯ ನೋಡುಗರೇ ಹೆಚ್ಚಿರುವ ಸಂಸ್ಥೆಯು 10 ಗಿಗಾಬಿಟ್ ಪೋರ್ಟಿಗೆ ಸುರಿಯುವ ಹಣವನ್ನು ಕಡಿಮೆ ಗಾತ್ರದ ವಿಡಿಯೊ, ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಆಡಿಯೊ ಪಾಠಗಳನ್ನು ತಯಾರಿಸಲು ಬಳಸುವುದೇ ಲೇಸು.