ಸ್ಕಾಲರ್‌ಶಿಪ್, ಶಿಕ್ಷಣ ಸಾಲ: ತಲಪಾಡಿ ದಾಟಿ ಓದುವ ಮಕ್ಕಳ ಹಕ್ಕು ಏನು, ಹೊಣೆ ಏನು?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಬಹಳಷ್ಟು ಮಕ್ಕಳಿಗೆ ಕಾಲೇಜು ಅಂದರೆ ಮಂಗಳೂರು, ಇಲ್ಲವೇ ಅದಕ್ಕಿಂತ ಹತ್ತಿರದ ದೇರಳಕಟ್ಟೆ. ಬೆಳಗ್ಗೆ ಬಸ್ಸು ಹತ್ತಿ ತಲಪಾಡಿ ದಾಟಿದರೆ ಆಯಿತು. ಆದರೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಈ ಗಡಿ ಅಷ್ಟು ಸಲೀಸಾಗಿ ದಾಟುವುದಿಲ್ಲ. ರೇಶನ್ ಕಾರ್ಡು, ಆದಾಯ ಪ್ರಮಾಣಪತ್ರ, ಪ್ಲಸ್ ಟು ಅಂಕಪಟ್ಟಿ ಕೇರಳದ್ದು. ಶುಲ್ಕದ ರಶೀದಿ, ಹಾಜರಾತಿ, ಬೋನಫೈಡ್ ಸರ್ಟಿಫಿಕೇಟು ಕರ್ನಾಟಕದ್ದು. ಯಾವ ಸಹಾಯ ಯಾವ ಸರಕಾರದ್ದು, ಅದನ್ನು ಪಡೆದ ಮೇಲೆ ಏನು ಕೇಳಬಹುದು, ಏನು ಮಾಡಲೇಬೇಕು ಎಂಬುದು ಗೊತ್ತಿಲ್ಲದೆ ಅರ್ಹರೇ ಹಣ ಕಳಕೊಳ್ಳುತ್ತಾರೆ.

ಸೀಟು ಬೇರೆ, ಸ್ಕಾಲರ್‌ಶಿಪ್ ಬೇರೆ

ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ನೆಲೆಸಿ ಓದಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಗಡಿನಾಡ ಕನ್ನಡಿಗರ ನಿಯಮದಡಿ ಕರ್ನಾಟಕದ ಸಿಇಟಿ ಸೀಟಿಗೆ ಅವಕಾಶ ಇದೆ. ಸೀಟು ಸಿಕ್ಕಿದ ಕೂಡಲೇ ಕರ್ನಾಟಕ ಸರಕಾರದ ವಿದ್ಯಾರ್ಥಿವೇತನವೂ ಸಿಗುತ್ತದೆ ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಕರ್ನಾಟಕದ ಎಸ್‌ಎಸ್‌ಪಿ ಪೋರ್ಟಲ್ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತದೆ. ಅದು ಕರ್ನಾಟಕದ ನಾಡಕಚೇರಿ ಕೊಡುವ ನಂಬರ್. ಕೇರಳದ ವಿಲೇಜ್ ಆಫೀಸಿನ ಪತ್ರದಲ್ಲಿ ಅದು ಇರುವುದಿಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವೂ ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಸಂಬಂಧಿಕರ ಮಂಗಳೂರಿನ ವಿಳಾಸ ಕೊಟ್ಟು ಪ್ರಮಾಣಪತ್ರ ಮಾಡಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಅದು ಉಪಾಯ ಅಲ್ಲ, ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ಹಣವೂ ಹೋಗುತ್ತದೆ, ಕೇಸೂ ಬೀಳುತ್ತದೆ.

ಹಾಗಾದರೆ ಇವರಿಗೆ ಏನಿದೆ? ಕೇಂದ್ರದ್ದಿದೆ. ಪಿಎಂ-ಯುಎಸ್‌ಪಿ ಅಡಿಯ ಕೇಂದ್ರ ವಲಯ ವಿದ್ಯಾರ್ಥಿವೇತನ ಇದಕ್ಕೆ ಒಳ್ಳೆಯ ಉದಾಹರಣೆ. ವರ್ಷಕ್ಕೆ ದೇಶದಲ್ಲಿ 82,000 ಹೊಸ ವಿದ್ಯಾರ್ಥಿಗಳಿಗೆ ಸಿಗುವ ಇದರಲ್ಲಿ ಅರ್ಧ ಪಾಲು ಹೆಣ್ಣುಮಕ್ಕಳಿಗೆ. ಡಿಗ್ರಿಯ ಮೊದಲ ಮೂರು ವರ್ಷ ತಲಾ 12,000 ರೂ., ಸ್ನಾತಕೋತ್ತರದಲ್ಲಿ ವರ್ಷಕ್ಕೆ 20,000 ರೂ. ಪ್ಲಸ್ ಟು ಬೋರ್ಡಿನಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷ ರೂ. ಮೀರಬಾರದು. ಇದರ ಕೋಟಾ ಹಂಚಿಕೆ ಆಗುವುದು ಬೋರ್ಡಿನ ಲೆಕ್ಕದಲ್ಲಿ, ಕಾಲೇಜಿನ ಲೆಕ್ಕದಲ್ಲಿ ಅಲ್ಲ. ಕೇರಳ ಬೋರ್ಡಿನಲ್ಲಿ ಪಾಸಾದವರು ಮಂಗಳೂರಿನಲ್ಲಿ ಓದಿದರೂ ಕೇರಳದ ಪಟ್ಟಿಯಲ್ಲೇ ಬರುತ್ತಾರೆ. 'ನೀನು ಕೇರಳದವಳು, ನಿನಗೆ ಇಲ್ಲ' ಅಂತ ಕಾಲೇಜು ಆಫೀಸಿನಲ್ಲಿ ಯಾರಾದರೂ ಹೇಳಿದರೆ ಅದನ್ನು ನಂಬಿ ಹಿಂದೆ ಬರಬೇಕಾಗಿಲ್ಲ. ಎನ್‌ಎಸ್‌ಪಿ ಅರ್ಜಿಯನ್ನು ಮೊದಲು ಪರಿಶೀಲಿಸಬೇಕಾದದ್ದು ಕಾಲೇಜಿನ ನೋಡಲ್ ಅಧಿಕಾರಿ. ಅದು ಅವರು ಮಾಡುವ ಉಪಕಾರ ಅಲ್ಲ, ಅವರ ಕೆಲಸ. ಅರ್ಜಿಯಲ್ಲಿ ದೋಷ ಇದ್ದರೆ ತಿದ್ದಲು ವಾಪಸ್ ಕಳಿಸುವ ವ್ಯವಸ್ಥೆ ಪೋರ್ಟಲ್‌ನಲ್ಲೇ ಇದೆ. ಅದಕ್ಕೂ ಕೊನೆಯ ದಿನಾಂಕ ಇರುವುದರಿಂದ ವಾರಕ್ಕೊಮ್ಮೆಯಾದರೂ ಸ್ಟೇಟಸ್ ನೋಡಬೇಕು. ಪ್ರಮಾಣಪತ್ರ ಮಲಯಾಳಂನಲ್ಲಿ ಇದ್ದರೆ ಮಂಗಳೂರಿನ ಗುಮಾಸ್ತರು ಓದಲಾಗದೆ ಬದಿಗಿಡುವುದೂ ಉಂಟು. ಆದಷ್ಟು ಇಂಗ್ಲಿಷ್ ಪ್ರತಿ ಇಟ್ಟುಕೊಳ್ಳುವುದು ಕ್ಷೇಮ.

ಆದಾಯದ ವಿಷಯದಲ್ಲಿ ಹೆಚ್ಚು ಗೊಂದಲ ಆಗೋದು ಗಲ್ಫ್ ಗಳಿಕೆಯಲ್ಲಿ. ಅರ್ಜಿ ಕೇಳುವುದು ಎಲ್ಲ ಮೂಲಗಳಿಂದ ಬರುವ ಕುಟುಂಬದ ಆದಾಯ. ಬಾಪ ದುಬೈಯಲ್ಲಿ ದುಡಿಯುತ್ತಿದ್ದರೆ ಅದನ್ನು ಬಿಟ್ಟು ಊರಿನ ಅಂಗಡಿಯ ಲೆಕ್ಕ ಮಾತ್ರ ಬರೆಸುವುದು ತಪ್ಪು. ಕೆಲಸ ಬಿಟ್ಟು ಊರಿಗೆ ಬಂದವರಾದರೆ ಹಳೆಯ ಪತ್ರ ಹಿಡಿದುಕೊಂಡು ಕೂರದೆ ಹೊಸ ಆದಾಯ ಪ್ರಮಾಣಪತ್ರಕ್ಕೆ ಅಕ್ಷಯ ಕೇಂದ್ರದಲ್ಲಿ ಅರ್ಜಿ ಕೊಡಬಹುದು.

ಹಣ ಮಂಜೂರಾಗಿದೆ, ಖಾತೆಗೆ ಬಂದಿಲ್ಲ

ಈ ದೂರು ಬಹಳ. ಹೆಚ್ಚಿನ ಸಲ ಕಾರಣ ಬ್ಯಾಂಕಿನ ಬದಿಯಲ್ಲಿರುತ್ತದೆ. ಕೆವೈಸಿಗೆ ಆಧಾರ್ ಕೊಟ್ಟಿದ್ದೇವೆ ಅಂದರೆ ಸರಕಾರದ ಹಣ ಬರಲು ಆಧಾರ್ ಜೋಡಣೆ ಆಗಿದೆ ಅಂತ ಅರ್ಥ ಅಲ್ಲ. ನೇರ ಪಾವತಿಗೆ ಒಂದು ಆಧಾರ್‌ಗೆ ಒಂದೇ ಖಾತೆ, ಅದೂ ಕೊನೆಗೆ ಜೋಡಿಸಿದ ಖಾತೆ. ಉಪ್ಪಳದಲ್ಲಿ ಒಂದು ಖಾತೆ ಇದ್ದು, ಹಾಸ್ಟೆಲ್ ಖರ್ಚಿಗೆ ಅಂತ ಮಂಗಳೂರಲ್ಲಿ ಇನ್ನೊಂದು ತೆರೆದು ಅದಕ್ಕೆ ಆಧಾರ್ ಸೀಡಿಂಗ್ ಮಾಡಿಸಿದರೆ ಹಣ ಹೊಸ ಖಾತೆಗೆ ಹೋಗುತ್ತದೆ. ಆ ಖಾತೆ ಮುಚ್ಚಿದ್ದರೆ ವಾಪಸ್.

ಒಮ್ಮೆ ಸಿಕ್ಕಿದರೆ ಕೋರ್ಸ್ ಮುಗಿಯುವ ತನಕ ತಾನಾಗಿ ಬರುತ್ತದೆ ಎನ್ನುವುದೂ ತಪ್ಪು ತಿಳುವಳಿಕೆ. ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಬೇಕು. ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ 50 ಶೇಕಡಾ ಅಂಕ, 75 ಶೇಕಡಾ ಹಾಜರಾತಿ ಬೇಕು. ಬೇರೆ ಸ್ಕಾಲರ್‌ಶಿಪ್ ಅಥವಾ ಶುಲ್ಕ ವಿನಾಯಿತಿ ಪಡೆಯುವವರು ಇದನ್ನೂ ಪಡೆಯುವಂತಿಲ್ಲ. ಎರಡು ಕಡೆ ಅರ್ಜಿ ಹಾಕಿ ಎರಡೂ ಸಿಕ್ಕಿದರೆ ಒಂದನ್ನು ಬಿಟ್ಟುಕೊಡುವುದು ವಿದ್ಯಾರ್ಥಿಯ ಹೊಣೆ.

ಹೆಸರು, ಆಧಾರ್, ಖಾತೆ ಪುಸ್ತಕ ಬೇರೆಯವರ ಕೈಗೆ ಕೊಡುವುದರ ಅಪಾಯ ಸಣ್ಣದಲ್ಲ. ಕೇಂದ್ರ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ತನ್ನ ಸ್ಕಾಲರ್‌ಶಿಪ್ ಯೋಜನೆಗಳಲ್ಲಿ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳಲ್ಲಿ ಅಕ್ರಮ ಕಂಡುಬಂದು, ಸುಮಾರು 144 ಕೋಟಿ ರೂ. ನಷ್ಟದ ಪ್ರಕರಣ 2023ರಲ್ಲಿ ಸಿಬಿಐಗೆ ಹೋಯಿತು. ಕದ್ದವರು ಯಾರೋ, ಬಡ ಮಕ್ಕಳ ಪಾಲಿನ ಹಣ ಹೋಯಿತು. 'ಅರ್ಜಿ ನಾವು ಹಾಕುತ್ತೇವೆ, ಬಂದದ್ದರಲ್ಲಿ ಅರ್ಧ ನಮಗೆ' ಎನ್ನುವ ಏಜೆಂಟರಿಗೆ ಒಟಿಪಿ ಹೇಳಿದವನೂ ಆ ಅರ್ಜಿಗೆ ಜವಾಬ್ದಾರ. ಎನ್‌ಎಸ್‌ಪಿ ಅರ್ಜಿಗೆ ಶುಲ್ಕ ಇಲ್ಲ. ಸೈಬರ್ ಸೆಂಟರಿನವರಿಗೆ ಕೊಡುವುದು ಟೈಪ್ ಮಾಡಿದ ಕೂಲಿ, ಅಷ್ಟೇ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಯೋಜನೆ ಈಗ ಜಾರಿಯಲ್ಲಿದೆಯೇ ಅಂತಲೂ ಪೋರ್ಟಲ್‌ನಲ್ಲಿ ನೋಡಬೇಕು. ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ 2022-23ರಿಂದ ನಿಂತಿದೆ.

ಬ್ಯಾಂಕ್ ಸಾಲ

ಬಡ್ಡಿ ಬೇಡ ಎಂದು ಬ್ಯಾಂಕಿನ ಮೆಟ್ಟಿಲು ಹತ್ತದ ಮನೆಗಳು ಸಮುದಾಯದಲ್ಲಿ ಇವೆ. ಅದು ಅವರವರ ತೀರ್ಮಾನ. ಸಾಲ ತೆಗೆಯುವವರಿಗೆ ನಿಯಮ ಗೊತ್ತಿರಬೇಕು.

'ನೀವು ಓದುವುದು ಮಂಗಳೂರಲ್ಲಿ, ಅಲ್ಲಿ ಕೇಳಿ' ಅಂತ ಊರಿನ ಶಾಖೆ, 'ನಿಮ್ಮ ಮನೆ ಕೇರಳದಲ್ಲಿ, ಅಲ್ಲಿ ಕೇಳಿ' ಅಂತ ಮಂಗಳೂರಿನ ಶಾಖೆ. ಗಡಿಯ ಮಕ್ಕಳನ್ನು ಚೆಂಡಿನ ಹಾಗೆ ಆಡಿಸುವ ಮಾತು ಇದು. ಶಿಕ್ಷಣ ಸಾಲಕ್ಕೆ ಸೇವಾ ವ್ಯಾಪ್ತಿಯ ಪ್ರದೇಶ ಎಂಬ ನಿಯಮ ಅನ್ವಯಿಸುವುದಿಲ್ಲ, ಆ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2012ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. 4 ಲಕ್ಷ ರೂ. ತನಕದ ಸಾಲಕ್ಕೆ ಜಾಗದ ಆಧಾರವಾಗಲಿ, ಚಿನ್ನವಾಗಲಿ ಅಡಮಾನ ಕೇಳುವಂತಿಲ್ಲ. ಹೆತ್ತವರು ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ಇಲ್ಲ ಎನ್ನುವುದಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಅದಕ್ಕೆ ಅರ್ಜಿಯನ್ನು ಬಾಯಿಮಾತಲ್ಲಿ ಅಲ್ಲ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅಥವಾ ಸ್ವೀಕೃತಿ ಪಡೆದು ಕೊಡಬೇಕು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಉಚಿತವಾಗಿ ಹೋಗಬಹುದು.

ಲೆಕ್ಕ ಮಾತ್ರ ಮೊದಲೇ ಹಾಕಿ ನೋಡಬೇಕು. ನಾಲ್ಕು ವರ್ಷದ ಕೋರ್ಸಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷ ರೂ.ನಂತೆ ತೆಗೆದದ್ದಾದರೆ, ಬಡ್ಡಿ 10 ಶೇಕಡಾ ಅಂತ ಇಟ್ಟುಕೊಳ್ಳಿ. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲ, ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಐದು ವರ್ಷ ಮುಗಿಯುವಾಗ ಬಡ್ಡಿಯೇ 1.4 ಲಕ್ಷ ರೂ. ಆಗಿ, ಕಂತು ಆರಂಭವಾಗುವುದು 5.4 ಲಕ್ಷ ರೂ.ಗೆ. ಕುಟುಂಬದ ಆದಾಯ 4.5 ಲಕ್ಷ ರೂ. ಒಳಗಿದ್ದು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಓದುವವರಿಗೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರ ಕಟ್ಟುವ ಯೋಜನೆ ಇದೆ. ಸಾಲ ತೆಗೆಯುವಾಗಲೇ ಬ್ಯಾಂಕಿನಲ್ಲಿ ಅದನ್ನು ಕೇಳಿ ಆದಾಯ ಪತ್ರ ಕೊಡಬೇಕು. ಅನಾರೋಗ್ಯದಂಥ ಕಾರಣ ಇಲ್ಲದೆ ಅರ್ಧದಲ್ಲಿ ಕೋರ್ಸ್ ಬಿಟ್ಟರೆ ಈ ಸೌಲಭ್ಯ ಇಲ್ಲ. ಬಡ್ಡಿ ಕಡಿಮೆ ಬೇಕಾದವರು ಕೋಝಿಕ್ಕೋಡಿನಲ್ಲಿ ಕೇಂದ್ರ ಕಚೇರಿ ಇರುವ ಕೇರಳ ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ಹಣಕಾಸು ನಿಗಮದಲ್ಲೂ ವಿಚಾರಿಸಬಹುದು.

ಕಂತು ತಪ್ಪಿದರೆ ಸಿಬಿಲ್ ಕೆಡುವುದು ಮಗನದ್ದು ಮಾತ್ರ ಅಲ್ಲ, ಸಹಿ ಹಾಕಿದ ತಂದೆ ಅಥವಾ ತಾಯಿಯದ್ದೂ ಕೆಡುತ್ತದೆ. ನಾಳೆ ಅಂಗಡಿಗೆ ಸಾಲ ಕೇಳಲು ಹೋದಾಗ ಅದು ಗೊತ್ತಾಗುತ್ತದೆ. ಕೆಲಸ ಸಿಗಲು ತಡವಾದರೆ ಫೋನ್ ನಂಬರ್ ಬದಲಾಯಿಸುವ ಬದಲು ಬ್ಯಾಂಕಿಗೆ ಹೋಗಿ ಅವಧಿ ಬದಲಾವಣೆ ಕೇಳುವುದು ಒಳ್ಳೆಯದು.

ಜಮಾಅತ್, ಟ್ರಸ್ಟ್‌ಗಳ ನೆರವು

ಊರಿನ ಜಮಾಅತ್ ಕಮಿಟಿ, ಗಲ್ಫ್ ಸಂಘಟನೆ, ಟ್ರಸ್ಟ್‌ಗಳು ಕೊಡುವ ಹಣದಿಂದ ಡಿಗ್ರಿ ಮುಗಿಸಿದವರು ಅನೇಕ. ಇಲ್ಲಿ ಎಲ್ಲವೂ ವಿಶ್ವಾಸದ ಮೇಲೆ ನಡೆಯುವುದರಿಂದ ಕಾಗದ ಕಡಿಮೆ. ಆದರೂ ಹಣ ದಾನವೋ, ಹಿಂದಿರುಗಿಸಬೇಕಾದ ಕರ್ಝ್ ಹಸನವೋ, ಹಿಂದಿರುಗಿಸುವುದಾದರೆ ಯಾವಾಗಿನಿಂದ, ಎಷ್ಟೆಷ್ಟು ಎಂದು ಒಂದು ಹಾಳೆಯಲ್ಲಾದರೂ ಬರೆದಿಡುವುದು ಎರಡೂ ಕಡೆಗೆ ಒಳ್ಳೆಯದು. ಅಂಕಪಟ್ಟಿ, ಶುಲ್ಕದ ರಶೀದಿ ಪ್ರತಿ ವರ್ಷ ಕೇಳದೆಯೇ ತಲುಪಿಸಬೇಕು. ಕರ್ಝ್ ಹಸನ ತೀರಿಸುವುದು ತಡವಾದಷ್ಟು ಸಾಲಿನಲ್ಲಿ ಕಾಯುವ ಇನ್ನೊಂದು ಮಗುವಿನ ಫೀಸು ತಡವಾಗುತ್ತದೆ. ಇತ್ತ ಕೊಡುವವರೂ ಒಂದು ಮಾತು ಯೋಚಿಸಬೇಕು. ಚೆಕ್ ಹಿಡಿಸಿ ವೇದಿಕೆಯಲ್ಲಿ ನಿಲ್ಲಿಸಿ, ಹೆಸರು, ಮನೆ, ಬಡತನದ ಕಥೆ ಸಹಿತ ಫೋಟೋವನ್ನು ಗ್ರೂಪಿಗೆ ಹಾಕುವ ಮೊದಲು ಆ ಹುಡುಗಿಯ ಒಪ್ಪಿಗೆ ಕೇಳಿದ್ದಾರೆಯೇ? ಬೇಡ ಎನ್ನುವ ಹಕ್ಕು ಅವಳಿಗಿದೆ. ಬೇಡ ಎಂದದ್ದಕ್ಕೆ ನೆರವು ನಿಲ್ಲಬಾರದು.

ಕಾಲೇಜು ಬಿಡುವುದಾದರೆ

ಬೇರೆ ಕಡೆ ಸೀಟು ಸಿಕ್ಕಿ ಕಾಲೇಜು ಬದಲಾಯಿಸುವಾಗ ಕಟ್ಟಿದ ಫೀಸು ಮುಳುಗಿತು ಅಂತ ಸುಮ್ಮನಾಗಬಾರದು. ಯುಜಿಸಿಯ 2018ರ ನಿಯಮದ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ ಶುಲ್ಕ ವಾಪಸ್, 5,000 ರೂ. ಮೀರದ ಸಣ್ಣ ಕಡಿತ ಮಾತ್ರ. 15 ದಿನದೊಳಗೆ ಬಂದರೆ 90 ಶೇಕಡಾ, ಕೊನೆಯ ದಿನ ಕಳೆದು 15 ದಿನದ ತನಕ 80, ಆಮೇಲೆ 30 ದಿನದ ತನಕ 50 ಶೇಕಡಾ. ಅದೂ ಕಳೆದರೆ ಏನೂ ಇಲ್ಲ. ಬ್ಯಾಂಕ್ ಕಟ್ಟಿದ ಶುಲ್ಕವಾದರೆ ವಾಪಸ್ ಬಂದ ಹಣ ಸಾಲದ ಖಾತೆಗೆ ಹೋಗಬೇಕು, ಜೇಬಿಗಲ್ಲ. ಸ್ಕಾಲರ್‌ಶಿಪ್ ಬರುತ್ತಿದ್ದರೆ ಕಾಲೇಜು ಬಿಟ್ಟ ವಿಷಯ ನೋಡಲ್ ಅಧಿಕಾರಿಗೆ ತಿಳಿಸಬೇಕು. ಮೂಲ ಅಂಕಪಟ್ಟಿ, ಟಿಸಿಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ನಿಯಮ ಹೇಳುತ್ತದೆ. ಪ್ರವೇಶದ ಸಮಯದಲ್ಲಿ ನೋಡಿ, ಸ್ವಯಂ ದೃಢೀಕರಿಸಿದ ಪ್ರತಿ ತೆಗೆದುಕೊಂಡು, ಅಲ್ಲೇ ವಾಪಸ್ ಕೊಡಬೇಕು. ಸ್ಕಾಲರ್‌ಶಿಪ್ ಹಣ ಬರುವ ತನಕ ಸರ್ಟಿಫಿಕೇಟು ನಮ್ಮಲ್ಲೇ ಇರಲಿ ಎನ್ನುವ ಕಾಲೇಜಿಗೆ ಈ ನಿಯಮ ತೋರಿಸಿ ಲಿಖಿತವಾಗಿ ಕೇಳಬಹುದು. ಕೊಡದಿದ್ದರೆ ವಿಶ್ವವಿದ್ಯಾಲಯಕ್ಕೆ, ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ಗೆ ದೂರು ಕೊಡಬಹುದು.