ಅಚ್ಚುಕಟ್ಟಾದ ಮನೆ, ಬಗ್ಗಿದ ಬೆನ್ನು: ಗೃಹ ನಿರ್ವಹಣೆಯ ಶಾಸ್ತ್ರ ನಡೆದು ಬಂದ ದಾರಿ

ಮನೆಯನ್ನು ಹಗುರ ಮಾಡಿಕೊಳ್ಳಬೇಕು, ಬೇಡದ ಸಾಮಾನು ಹೊರಗೆ ಹಾಕಬೇಕು ಎಂಬ ಮಾತು ಕೆಲವು ವರ್ಷಗಳಿಂದ ಎಲ್ಲ ಕಡೆಯೂ ಕೇಳಿಬರುತ್ತಿದೆ. ಜಪಾನಿನ ಮರಿ ಕೊಂಡೊ ಅವರ ಪುಸ್ತಕ 2011ರಲ್ಲಿ ಬಂತು. 2019ರಲ್ಲಿ ಅವರ ಕಾರ್ಯಕ್ರಮ ನೆಟ್‌ಫ್ಲಿಕ್ಸ್‌ನಲ್ಲಿ ಪ್ರಸಾರವಾಯಿತು. ಆಮೇಲೆ ಬಟ್ಟೆ ಮಡಚುವ ಬಗೆ, ಡಬ್ಬಿಗೆ ಚೀಟಿ ಅಂಟಿಸುವ ಬಗೆ ನಮ್ಮ ಪತ್ರಿಕೆಗಳ ಮಹಿಳಾ ಪುಟಗಳಿಗೂ ಇಳಿದವು. ಇದನ್ನು ಕಂಡವರಲ್ಲಿ ಕೆಲವರು ಈ ವಿದ್ಯೆ ನಮಗೆ ಹೊಸದು ಎನ್ನುತ್ತಾರೆ. ಇನ್ನು ಕೆಲವರು ನಮ್ಮ ಹಿರಿಯರು ಇಂಥ ಸರಳ ಜೀವನವನ್ನು ಎಂದೋ ನಡೆಸಿದ್ದರು, ಕಲಿಯುವುದೇನೂ ಇಲ್ಲ ಎನ್ನುತ್ತಾರೆ. ನಡುವೆ ಒಂದು ಶಾಸ್ತ್ರವಿದೆ, ಅದು ನಮ್ಮ ಬೆಳಗಾವಿಯ ಪಕ್ಕದ ಧಾರವಾಡದಲ್ಲೇ ಐವತ್ತು ವರ್ಷಗಳಿಂದ ಪಾಠವಾಗಿದೆ ಎಂಬುದು ಇಬ್ಬರಿಗೂ ನೆನಪಾಗುವುದಿಲ್ಲ. ಆ ಶಾಸ್ತ್ರದ ಹೆಸರು ಗೃಹ ನಿರ್ವಹಣೆ. ಅದು ನಡೆದು ಬಂದ ದಾರಿಯನ್ನು ಬೆಳಗಾವಿ ಮತ್ತು ಖಾನಾಪುರದ ಮನೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮನೆ ಅಚ್ಚುಕಟ್ಟಾಗುವುದು ಮನೆಯವರ ಸ್ವಭಾವದಿಂದಲ್ಲ. ನೀರು, ಉರುವಲು, ಕಾಳು ಎಷ್ಟು ಖಾತ್ರಿಯಾಗಿ ಮನೆ ಸೇರುತ್ತವೆ, ಅವುಗಳನ್ನು ಎತ್ತಿಡುವ ಕೈ ಯಾರದು ಎಂಬುದರ ಮೇಲೆ ಅದು ನಿಂತಿದೆ.

ಹಳೆಯ ಕಾಲವನ್ನು ಬೇಗ ದಾಟಬಹುದು. ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನ 'ಲೋಕೋಪಕಾರ' ಸುಮಾರು 1025ರದ್ದು. ಮನೆ ಕಟ್ಟುವುದು, ಅಂತರ್ಜಲ ಹುಡುಕುವುದು, ಅಡುಗೆ, ಸುಗಂಧ, ಔಷಧ ಎಲ್ಲವೂ ಅದರಲ್ಲಿವೆ. ದಿನಬಳಕೆಯ ತಿಳಿವಳಿಕೆಯನ್ನು ಒಂದೆಡೆ ಸೇರಿಸಿದ ಕನ್ನಡದ ಮೊದಲ ದೊಡ್ಡ ಪ್ರಯತ್ನ ಅದು. ಹನ್ನೆರಡನೆಯ ಶತಮಾನದಲ್ಲಿ ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮ ಸಂಗ್ರಹದ ಪ್ರಶ್ನೆಯನ್ನು ನೀತಿಯ ಪ್ರಶ್ನೆಯಾಗಿ ಎತ್ತಿದಳು. ಮೂರನೆಯ ಮಂಗರಸನ 'ಸೂಪಶಾಸ್ತ್ರ' ಅಡುಗೆಗೆ ಸೀಮಿತ. ಆಧುನಿಕ ಅರ್ಥದ ಶಾಸ್ತ್ರ ಹುಟ್ಟಿದ್ದು ಅಮೆರಿಕದಲ್ಲಿ. ಕ್ಯಾಥರೀನ್ ಬೀಚರ್ 1841ರಲ್ಲಿ ಮನೆವಾರ್ತೆಯ ಪಠ್ಯ ಬರೆದರು. ರಸಾಯನಶಾಸ್ತ್ರ ಓದಿದ ಎಲೆನ್ ರಿಚರ್ಡ್ಸ್ ಮತ್ತು ಸಂಗಡಿಗರು 1899ರಿಂದ ಲೇಕ್ ಪ್ಲಾಸಿಡ್‌ನಲ್ಲಿ ಸಭೆ ಸೇರಿ ಅದಕ್ಕೆ ವಿಷಯದ ರೂಪ ಕೊಟ್ಟರು. ಕ್ರಿಸ್ಟೀನ್ ಫ್ರೆಡರಿಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ಕಾರ್ಖಾನೆಯ ಚಲನ ಅಧ್ಯಯನವನ್ನು ಅಡುಗೆಮನೆಗೆ ತಂದರು. ಅಡುಗೆ ಮಾಡುವವಳ ಹೆಜ್ಜೆ ಎಣಿಸಿ ಕಪಾಟು ಎಲ್ಲಿರಬೇಕೆಂದು ತೀರ್ಮಾನಿಸುವ ಕ್ರಮ ಆಗ ಬಂದದ್ದು. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ಮನೆಗಳಿಗೆ ರೂಪಿಸಿದ ಅಡುಗೆಮನೆ ಇಂದಿನ ಮಾಡ್ಯುಲರ್ ಕಿಚನ್ನಿನ ಮೂಲ. ಅದು ಬಡವರ ಶ್ರಮ ಉಳಿಸಲು ಹುಟ್ಟಿದ್ದು, ಈಗ ಉಳ್ಳವರ ಅಲಂಕಾರವಾಗಿದೆ.

ಬೆಳಗಾವಿಗೆ ಈ ವಿಚಾರ ಬಂದ ದಾರಿ ಬೇರೆ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಊರಿಗೆ ಮನೆವಾರ್ತೆಯ ಹೊಸ ಓದು ಬಹುಪಾಲು ಪುಣೆಯ ಕಡೆಯಿಂದ, ಮರಾಠಿಯಲ್ಲಿ ಬಂತು. 1888ರಲ್ಲಿ ಇಲ್ಲೇ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ ಮುಂದೆ ನೇಗಿಲು, ಮೇವು ಕತ್ತರಿಸುವ ಯಂತ್ರಗಳ ಜೊತೆಗೆ ಪತ್ರಿಕೆಗಳನ್ನೂ ಹೊರಡಿಸಿತು. ಅವುಗಳಲ್ಲಿ 1930ರಲ್ಲಿ ಶುರುವಾದ 'ಸ್ತ್ರೀ' ಮಾಸಿಕ ಗೃಹಿಣಿಯನ್ನು ಯೋಚಿಸುವ ವ್ಯಕ್ತಿಯಾಗಿ ಕಂಡಿತು. ಇನ್ನೊಂದು ಧಾರೆ ಗಾಂಧೀಜಿಯದು. ಅವರು ಅಧ್ಯಕ್ಷತೆ ವಹಿಸಿದ ಒಂದೇ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆಯಿತು. ಅದರ ವ್ಯವಸ್ಥೆ ಹೊತ್ತ ಗಂಗಾಧರರಾವ್ ದೇಶಪಾಂಡೆಯವರು ಹುದಲಿ ಗ್ರಾಮವನ್ನು ಖಾದಿಯ ಕೇಂದ್ರವಾಗಿ ಬೆಳೆಸಿದರು. ಕಡಿಮೆ ಬಟ್ಟೆ, ತನ್ನ ಕೆಲಸ ತಾನೇ ಮಾಡಿಕೊಳ್ಳುವ ಶಿಸ್ತು ಈ ಧಾರೆಯ ಕೊಡುಗೆ. ಗಂಡಸಿಗೂ ಪೊರಕೆ ಹಿಡಿಸಿದ್ದು ಅದರ ದೊಡ್ಡತನ. ಆದರೆ ಆಶ್ರಮದ ಶಿಸ್ತು ಆಶ್ರಮದಲ್ಲೇ ಉಳಿಯಿತು, ಊರ ಮನೆಗಳ ಅಡುಗೆಮನೆಗೆ ದಾಟಲಿಲ್ಲ.

ಈ ಶಾಸ್ತ್ರ ನಮ್ಮ ನೆಲದ ಪ್ರಶ್ನೆಗಳನ್ನು ನಿಜವಾಗಿ ಕೇಳತೊಡಗಿದ್ದು ಸ್ವಾತಂತ್ರ್ಯದ ನಂತರ. 1952ರ ಸಮುದಾಯ ಅಭಿವೃದ್ಧಿ ಯೋಜನೆಯ ಬೆನ್ನಲ್ಲೇ ಗ್ರಾಮಸೇವಿಕೆಯರಿಗೆ ಗೃಹವಿಜ್ಞಾನದ ತರಬೇತಿ ಬಂತು. 1974ರಲ್ಲಿ ಧಾರವಾಡದಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜು ತೆರೆಯಿತು. 1986ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಅಂಗವಾಯಿತು. ಈಗ ಅದು ಸಮುದಾಯ ವಿಜ್ಞಾನ ಕಾಲೇಜು. ಗೃಹವಿಜ್ಞಾನವೆಂದರೆ ಅಡುಗೆ, ಹೊಲಿಗೆ ಎಂದು ಇಂದಿಗೂ ಹಗುರವಾಗಿ ಮಾತಾಡುವವರಿದ್ದಾರೆ. ಧಾರವಾಡದ ಪರಂಪರೆ ಮಾಡಿದ ಕೆಲಸ ಅದಲ್ಲ. ಕಳೆ ಕೀಳುವಾಗ, ನೀರು ಹೊರುವಾಗ, ರೊಟ್ಟಿ ತಟ್ಟುವಾಗ ಹೆಂಗಸಿನ ಬೆನ್ನು ಎಷ್ಟು ಬಗ್ಗುತ್ತದೆ, ನಾಡಿ ಎಷ್ಟು ಏರುತ್ತದೆ ಎಂದು ಅಳೆಯುವುದನ್ನು ಅದು ಪಾಠವಾಗಿಸಿತು. ಅದರ ಸೂತ್ರಗಳು ಬಹಳ ಸರಳ. ದಿನಾಲೂ ಬೇಕಾದದ್ದು ಸೊಂಟ ಮತ್ತು ಭುಜದ ನಡುವಿನ ಎತ್ತರದಲ್ಲಿರಬೇಕು. ಭಾರದ್ದು ಕೆಳಗೆ, ಅಪರೂಪದ್ದು ಮೇಲೆ. ಅಡುಗೆಕಟ್ಟೆ ನಿಂತವಳ ಮೊಣಕೈಗಿಂತ 8ರಿಂದ 10 ಸೆಂ.ಮೀ. ಕೆಳಗಿರಬೇಕು. ಎರಡು ಕೆಲಸಕ್ಕೆ ಬೇಕಾದ ವಸ್ತು ಮೊದಲ ಕೆಲಸ ನಡೆಯುವ ಜಾಗದಲ್ಲಿರಬೇಕು. ಇವುಗಳಲ್ಲಿ ಯಾವುದೂ ಸಾಮಾನನ್ನು ಎಸೆಯಲು ಹೇಳುವುದಿಲ್ಲ. ಮೊದಲು ಮೈಯನ್ನು ನೋಡು, ಆಮೇಲೆ ಕಪಾಟನ್ನು ನೋಡು ಎನ್ನುತ್ತವೆ. ಗವಂಡಿ ತನ್ನ ರೂಢಿಯ ಅಳತೆಗೆ ಕಟ್ಟಿದ ಕಟ್ಟೆಯ ಮುಂದೆ ಜೀವನಪೂರ್ತಿ ನಿಲ್ಲುವವಳಿಗೆ, ಚೆಂದವಾಗಿ ಮಡಚಿದ ಬಟ್ಟೆಗಿಂತ ಈ ಹತ್ತು ಸೆಂಟಿಮೀಟರಿನ ಲೆಕ್ಕವೇ ದೊಡ್ಡದು.

ಇದೇ ಕಾಲದ ಇನ್ನೊಂದು ಮಹತ್ವದ ಕೆಲಸ ಒಲೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರ ಮೂರು ಪಾತ್ರೆ ಕೂರುವ, ಜಾಲರಿ ಮತ್ತು ಚಿಮಣಿ ಇರುವ ಅಸ್ತ್ರ ಒಲೆಯನ್ನು ರೂಪಿಸಿತು. ಎಂಬತ್ತರ ದಶಕದಲ್ಲಿ ಅದು ಕರ್ನಾಟಕದ ಹಳ್ಳಿಗಳಿಗೆ ಹೋಯಿತು. ಹೊಗೆ, ಸೌದೆ ಎರಡೂ ಕಡಿಮೆಯಾದವು. ಆದರೂ ಬಹಳ ಕಡೆ ಆ ಒಲೆ ನಿಲ್ಲಲಿಲ್ಲ. ಜನ ಹೊಸದನ್ನು ಒಪ್ಪುವುದಿಲ್ಲ ಎಂಬುದು ಕಚೇರಿಗಳಲ್ಲಿ ಸಿಗುವ ಉತ್ತರ. ಖಾನಾಪುರದ ಒಂದು ಹಳೆಯ ಹೆಂಚಿನ ಮನೆಯ ಅಡುಗೆಮನೆಯನ್ನು ಹತ್ತಿರದಿಂದ ನೋಡಿದರೆ ಬೇರೆ ಉತ್ತರ ಸಿಗುತ್ತದೆ. ಒಲೆಯ ನೇರ ಮೇಲೆ ಬಿದಿರಿನ ಅಟ್ಟ. ಅದರ ಮೇಲೆ ನಾಳಿನ ಉರುವಲು, ಪಕ್ಕದಲ್ಲಿ ಬೀಜದ ಕಾಳಿನ ಬುಟ್ಟಿ, ತೂಗುಬಿಟ್ಟ ಮೆಕ್ಕೆಜೋಳದ ತೆನೆ, ಉಳ್ಳಾಗಡ್ಡಿ, ಮಳೆಗೆ ಮುಂಚೆ ಒಣಗಿಸಿದ ಮುರುಗಲ ಸಿಪ್ಪೆ. ಈ ತಾಲೂಕಿನ ಜಾಂಬೋಟಿ, ಕಣಕುಂಬಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದೇ ಅಪರೂಪ. ಆ ನಾಲ್ಕು ತಿಂಗಳು ಹೊಗೆಯೇ ಆ ಮನೆಯ ಬಿಸಿಲು: ಸೌದೆ ಒಣಗಿಸುತ್ತದೆ, ಬೀಜಕ್ಕೆ ಹುಳ ಬರದಂತೆ ಕಾಯುತ್ತದೆ, ಜಂತಿಯನ್ನು ಗೆದ್ದಲಿನಿಂದ ಉಳಿಸುತ್ತದೆ. ಚಿಮಣಿ ಹಾಕಿದ ದಿನ ಅಡುಗೆ ಮಾಡುವವಳ ಎದೆ ಹಗುರವಾಯಿತು, ಆದರೆ ಒಣಗಿಸುವ ಜಾಗ ಹೋಯಿತು. ಅದಕ್ಕೆ ಬದಲಿ ಜಾಗವನ್ನು ಯೋಜನೆ ಕೊಡಲಿಲ್ಲ. ಸುಧಾರಿತ ಒಲೆಯ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತೇಹೋಯಿತು. 2016ರ ಉಜ್ವಲ ಯೋಜನೆಯಿಂದ ಗ್ಯಾಸ್ ಬಂದ ಮೇಲೂ ಸ್ನಾನದ ಹಂಡೆಯ ಕೆಳಗೆ ಕಟ್ಟಿಗೆ ಉರಿಯುತ್ತಿರುವುದಕ್ಕೆ ಸಿಲಿಂಡರಿನ ದರದ ಜೊತೆಗೆ ಒಣಗಿಸುವ ಈ ಅಗತ್ಯವೂ ಒಂದು ಕಾರಣ. ಒಂದು ವಸ್ತು ಮಾಡುವ ಎಲ್ಲ ಕೆಲಸಗಳನ್ನೂ ಎಣಿಸದೆ ಅದನ್ನು ತೆಗೆದರೆ ಮನೆ ಸರಳವಾಗುವುದಿಲ್ಲ.

ಬೆಳಗಾವಿ ನಗರದಲ್ಲಿ ಇದೇ ಪಾಠವನ್ನು ನೀರು ಕಲಿಸುತ್ತದೆ. ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ನಗರಕ್ಕೆ ನೀರು ಬಂದರೂ ಬಹುಪಾಲು ಓಣಿಗಳಲ್ಲಿ ನಳ ಬರುವುದು ಕೆಲವು ದಿನಗಳಿಗೊಮ್ಮೆ. ಜಲಜೀವನ ಮಿಷನ್ ಹಳ್ಳಿಗಳಿಗೆ ನಿಗದಿ ಮಾಡಿದ ತಲಾ 55 ಲೀಟರಿನ ಪ್ರಮಾಣವನ್ನೇ ಹಿಡಿದರೂ ಐದು ಜನರ ಮನೆಗೆ ದಿನಕ್ಕೆ 275 ಲೀಟರು ಬೇಕು. ನಾಲ್ಕು ದಿನಕ್ಕೆ 1,100 ಲೀಟರು. ಮಾಳಿಗೆಯ ಮೇಲೆ ಟಾಕಿ ಇಡಲಾಗದ ಬಾಡಿಗೆ ಮನೆಯಲ್ಲಿ ಇದು 200 ಲೀಟರಿನ ಆರು ಬ್ಯಾರಲ್‌ಗಳ ಮಾತು. ಅವು ನಿಲ್ಲಲು ಎರಡು ಚದರ ಮೀಟರಿಗಿಂತ ಹೆಚ್ಚು ನೆಲ ಬೇಕು. ಅಷ್ಟರಲ್ಲಿ ಒಂದು ಬಚ್ಚಲೇ ಆಗುತ್ತದೆ. ಬ್ಯಾರಲ್, ಕೊಡ, ಹಂಡೆ, ಬಕೀಟುಗಳಿಂದ ತುಂಬಿದ ಈ ಮನೆಗೆ ಸಾಮಾನು ಕಡಿಮೆ ಮಾಡಿ ಎಂದು ಹೇಳುವುದು ಅರ್ಥವಿಲ್ಲದ ಮಾತು. ಡೆಂಗಿ ಸೊಳ್ಳೆ ಹುಟ್ಟದಂತೆ ಅಷ್ಟನ್ನೂ ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯುವ ಕೆಲಸವೂ ಅದಕ್ಕೆ ಅಂಟಿಕೊಂಡಿದೆ. ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಲಯಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆ ನೀರು ಹರಿಯತೊಡಗಿತು. ನೀರು ತುಂಬಿಡಲೇಬೇಕಾದ ಒತ್ತಾಯ ಆ ಓಣಿಗಳಲ್ಲಿ ತಪ್ಪಿತು. ನನ್ನ ದೃಷ್ಟಿಯಲ್ಲಿ ಬೆಳಗಾವಿಯ ಮನೆಗಳನ್ನು ಹಗುರ ಮಾಡಿದ ಅತಿ ದೊಡ್ಡ ಸುಧಾರಣೆ ಇದೇ. ಅದನ್ನು ಜಲಮಂಡಳಿಯ ಸಾಧನೆಯೆಂದು ಬರೆದವರು ಬಹಳ ಮಂದಿ. ಗೃಹ ನಿರ್ವಹಣೆಯ ಅಧ್ಯಾಯವೆಂದು ಓದಿದವರು ವಿರಳ. ಇಡೀ ನಗರಕ್ಕೆ ಅದನ್ನು ವಿಸ್ತರಿಸುವ ಕೆಲಸ ಇಂದಿಗೂ ಎಳೆಯುತ್ತಲೇ ಇದೆ.

ಇದಕ್ಕೆ ಎದುರಾಗುವ ಮಾತುಗಳಿವೆ, ಅವನ್ನು ತಳ್ಳಿಹಾಕಲಾಗದು. ಹಿರಿಯರು ನಾಲ್ಕೇ ಸೀರೆ, ಎರಡೇ ಧೋತರದಲ್ಲಿ ಬಾಳಿದರಲ್ಲ ಎಂಬುದು ಮೊದಲನೆಯದು. ನಿಜ, ಬಟ್ಟೆ ಕಡಿಮೆಯಿತ್ತು. ಆದರೆ ಮನೆ ಖಾಲಿಯಿರಲಿಲ್ಲ. ಹಗೇವಿನಲ್ಲಿ ಜೋಳ, ಕಣಜದಲ್ಲಿ ಭತ್ತ, ಬೇಸಿಗೆಯಲ್ಲೇ ಮಾಡಿಟ್ಟ ಶಾವಿಗೆ, ಹಪ್ಪಳ, ಸಂಡಿಗೆ, ವರ್ಷದ ಮಸಾಲೆ ಖಾರ, ಹಳೆಯ ಸೀರೆಗಳಿಂದ ಹೊಲಿದ ಕೌದಿಗಳ ಗಂಟು ಎಲ್ಲವೂ ಇದ್ದವು. ನವರಾತ್ರಿಗೆ ಮುಂಚೆ ಇಡೀ ಮನೆ ತೊಳೆದು, ಹಾಸಿಗೆ ಹೊದಿಕೆಯೆಲ್ಲ ಹೊಳೆಗೆ ಒಯ್ದು ಒಗೆಯುವ ರೂಢಿ ವರ್ಷಕ್ಕೊಮ್ಮೆ ಎಲ್ಲವನ್ನೂ ಹೊರಗೆ ತೆಗೆದು ನೋಡುವ ಲೆಕ್ಕಪರಿಶೋಧನೆಯೇ ಆಗಿತ್ತು. ಅದು ಒಳ್ಳೆಯ ವ್ಯವಸ್ಥೆ. ಆದರೆ ಅದು ನಡೆದದ್ದು ಸೊಸೆಯಂದಿರ ರಟ್ಟೆಯ ಮೇಲೆ, ಅವರಿಗೆ ಬೇಡ ಎನ್ನುವ ಹಕ್ಕಿರಲಿಲ್ಲ. ಇನ್ನೊಂದು ಮಾತು: ನೀರು, ಗ್ಯಾಸ್ ಎಲ್ಲ ಇರುವ ಮನೆಯಲ್ಲೂ ಅಟ್ಟದ ತುಂಬ ಬಾಂಡೆ ಇರುತ್ತವಲ್ಲ? ಇರುತ್ತವೆ. ಅವು ಬಹುಪಾಲು ಕೊಂಡವಲ್ಲ. ಮದುವೆ, ಸೀಮಂತ, ಗೃಹಪ್ರವೇಶಗಳ ಆಹೇರಿಯಲ್ಲಿ ಬಂದವು, ಮತ್ತೆ ಇನ್ನೊಬ್ಬರಿಗೆ ಹೋಗಬೇಕಾದವು. ನೆಂಟಸ್ತನದ ಲೇವಾದೇವಿ ಅದು. ಅದನ್ನು ಒಬ್ಬ ಗೃಹಿಣಿ ತನ್ನ ಮನೆಯ ಕಪಾಟಿನಲ್ಲಿ ಬಗೆಹರಿಸಲಾರಳು, ಬಂಧುಬಳಗ ಒಟ್ಟಾಗಿ ಕೂತು ತೀರ್ಮಾನಿಸಬೇಕು. ಇನ್ನು ಎಸೆಯುವುದೇ ಸರಳತೆ ಎನ್ನುವವರು ತುರಮುರಿಯ ಕಸದ ಘಟಕವನ್ನು ಒಮ್ಮೆ ನೆನೆಯಲಿ. ನಗರದ ಮನೆಗಳು ಹಗುರವಾದಷ್ಟೂ ಆ ಊರಿನ ಹೊರೆ ಹೆಚ್ಚುತ್ತದೆ. ಮತ್ತೆ ಕೊಳ್ಳುವ ಶಕ್ತಿ ಇದ್ದವರಿಗಷ್ಟೇ ಎಸೆಯುವುದು ಸುಲಭ.

ಈ ಶಾಸ್ತ್ರದ ಒಳಗಿನ ಕೊರತೆಗಳನ್ನೂ ಹೇಳಬೇಕು. ಬಹುಕಾಲ ಇದನ್ನು ಹೆಣ್ಣುಮಕ್ಕಳಿಗಷ್ಟೇ ಕಲಿಸಿದೆವು. ಕೆಲಸ ಹಗುರ ಮಾಡುವ ಬಗೆಯನ್ನು ಹೇಳಿದೆವು, ಹಂಚಿಕೊಳ್ಳುವ ಬಗೆಯನ್ನು ಹೇಳಲಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದಳು, ಗಂಡಸು 97 ನಿಮಿಷ. ಅದೂ ಗಂಡಸರಲ್ಲಿ ಮನೆಗೆಲಸಕ್ಕೆ ಕೈ ಹಾಕುವವರೇ ಕಡಿಮೆ. ಕಪಾಟು ಎಷ್ಟೇ ಜಾಣತನದಿಂದ ಜೋಡಿಸಿದರೂ ಈ ಅಂತರ ಅದರಿಂದ ತುಂಬುವುದಿಲ್ಲ. ಎರಡನೆಯ ಕೊರತೆ ಮಳೆನಾಡಿನದು. ನಮ್ಮ ಪಠ್ಯಗಳು ಕಣ್ಣ ಮುಂದಿಟ್ಟುಕೊಂಡ ಮಾದರಿ ಮನೆ ಬಯಲುಸೀಮೆಯದು ಅಥವಾ ಪಟ್ಟಣದ್ದು. ಭೀಮಗಡ ಅಭಯಾರಣ್ಯದೊಳಗೆ, ಮಳೆಗಾಲದಲ್ಲಿ ಹೊರದಾರಿಯೇ ಕಡಿದುಹೋಗುವ ಆಮಗಾಂವ, ಗವಾಳಿಯಂಥ ಊರುಗಳ ಮನೆಗಳಿಗೆ ಅದು ಹೊಂದುವುದಿಲ್ಲ. ಅಲ್ಲಿ ನಾಲ್ಕು ತಿಂಗಳ ದಿನಸಿಯನ್ನು ಕೂಡಿಡುವುದು ವಿವೇಕ. ಅದನ್ನು ಇಲಿ, ತೇವ, ಬೂಷ್ಟಿನಿಂದ ಕಾಯುವ ಬಗೆಯೇ ಅಲ್ಲಿನ ಗೃಹ ನಿರ್ವಹಣೆ. ಮೂರನೆಯದು, ಮರಾಠಿಯಲ್ಲಿ ಬಂದ ಓದನ್ನೂ ಕನ್ನಡದಲ್ಲಿ ಬೆಳೆದ ಸಂಶೋಧನೆಯನ್ನೂ ಒಟ್ಟಿಗೆ ಇಟ್ಟು ನೋಡುವ ಪುಸ್ತಕ ನಮಗೆ ಬೇಕಾಗಿದೆ. ಎರಡೂ ಭಾಷೆ ಆಡುವ ಬೆಳಗಾವಿಯೇ ಅದಕ್ಕೆ ತಕ್ಕ ಊರು.

ಆದ್ದರಿಂದ ಕೇಳುವುದು ಇಷ್ಟೇ. ಬೆಳಗಾವಿಯಲ್ಲೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ, ಧಾರವಾಡ ದೂರವಿಲ್ಲ, ಖಾನಾಪುರದಲ್ಲಿ ಕುಂಬಾರಿಕೆ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಇವರು ಸೇರಿ ಖಾನಾಪುರದ ಮಳೆಮನೆಗೆ ಹೊಗೆಯಿಲ್ಲದ ಒಲೆ ಮತ್ತು ಒಣಗಿಸುವ ಅಟ್ಟ ಎರಡನ್ನೂ ಒಟ್ಟಿಗೆ ಕೊಡುವ ಒಂದು ಅಡುಗೆಮನೆಯನ್ನು ರೂಪಿಸಲಿ. ಮಹಾನಗರ ಪಾಲಿಕೆ ಉಳಿದ ಓಣಿಗಳಿಗೆ ನಿಲ್ಲದ ನೀರು ಕೊಡುವುದನ್ನು ತ್ವರೆ ಮಾಡಲಿ. ಶಾಲೆಗಳಲ್ಲಿ ಗೃಹ ನಿರ್ವಹಣೆಯನ್ನು ಗಂಡುಮಕ್ಕಳಿಗೂ ಕಲಿಸಲಿ. ಓದುಗರು ಮನೆಯನ್ನು ಸರಳಗೊಳಿಸಲು ಹೊರಟಾಗ ಮೊದಲು ಕಪಾಟಿನ ಬಾಗಿಲು ತೆಗೆಯುವುದು ಬೇಡ. ಆ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಯಾರು ಬಗ್ಗುತ್ತಾರೆ, ಯಾರು ಎತ್ತುತ್ತಾರೆ ಎಂದು ಒಂದು ದಿನ ಕೂತು ಬರೆದುಕೊಳ್ಳಿ. ಕಡಿಮೆಯಾಗಬೇಕಾದದ್ದು ಯಾವುದೆಂದು ಆ ಹಾಳೆಯೇ ಹೇಳುತ್ತದೆ.