ಹರ್ಷೆಲ್ ದ್ವೀಪ: ತಿಮಿಂಗಿಲ ಬೇಟೆಯ ಕಾಲದ ಒಂದು ಊರು

ಕೆನಡಾದ ಯೂಕಾನ್ ಕರಾವಳಿಯಿಂದ ಸುಮಾರು 5 ಕಿಲೋಮೀಟರ್ ಆಚೆ, ಆರ್ಕ್ಟಿಕ್ ಸಾಗರದ ಭಾಗವಾದ ಬ್ಯೂಫೋರ್ಟ್ ಸಮುದ್ರದಲ್ಲಿ ಹರ್ಷೆಲ್ ದ್ವೀಪವಿದೆ. ವಿಸ್ತೀರ್ಣ ಸುಮಾರು 116 ಚದರ ಕಿಲೋಮೀಟರ್. ಇದರ ಅಡಿಯಲ್ಲಿ ಗಟ್ಟಿ ಬಂಡೆಯಿಲ್ಲ. ಹಿಮಯುಗದ ನೀರ್ಗಲ್ಲು ಸಮುದ್ರತಳದ ಕೆಸರನ್ನು ತಳ್ಳಿ ಗುಡ್ಡೆ ಹಾಕಿದ್ದರಿಂದ ಎದ್ದ ನೆಲ ಇದು. ಮಣ್ಣೂ ಮಂಜುಗಡ್ಡೆಯೂ ಕಲೆತು ಹೆಪ್ಪುಗಟ್ಟಿವೆ. ಸುಮಾರು ಸಾವಿರ ವರ್ಷಗಳ ಹಿಂದೆ ಥೂಲೆ ಜನ ಇಲ್ಲಿ ನೆಲೆಸಿದ್ದರು. ಅವರ ವಂಶಜರಾದ ಇನುವಿಯಾಲುಯಿಟ್ ಜನ ಇದನ್ನು ಕಿಕಿಕ್ತಾರುಕ್ ಎನ್ನುತ್ತಾರೆ. ಅವರ ಮಾತಿನಲ್ಲಿ 'ದ್ವೀಪ' ಎಂದಷ್ಟೇ ಅರ್ಥ. 1826ರ ಜುಲೈಯಲ್ಲಿ ಬಂದ ಬ್ರಿಟಿಷ್ ನಾವಿಕ ಜಾನ್ ಫ್ರಾಂಕ್ಲಿನ್, ಖಗೋಳ ವಿಜ್ಞಾನದಲ್ಲಿ ಹೆಸರಾಗಿದ್ದ ಹರ್ಷೆಲ್ ಮನೆತನದ ಹೆಸರನ್ನು ಇದಕ್ಕೆ ಇಟ್ಟ.

ಹೆಸರಿಟ್ಟ ಮೇಲೆ ಆರು ದಶಕ ಹೊರಗಿನವರು ಇತ್ತ ಹೆಚ್ಚು ತಲೆಹಾಕಲಿಲ್ಲ. ಆಮೇಲೆ ಅವರನ್ನು ಎಳೆದು ತಂದದ್ದು ಬೋಹೆಡ್ ತಿಮಿಂಗಿಲ. ಇದಕ್ಕೆ ಹಲ್ಲಿಲ್ಲ. ಮೇಲ್ದವಡೆಯಿಂದ ಇಳಿಬಿದ್ದ ಬಲೀನ್ ಎಂಬ ಉದ್ದನೆಯ ಪಟ್ಟಿಗಳಲ್ಲಿ ನೀರು ಸೋಸಿ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಬಾಗಿದರೂ ಮುರಿಯದ ಈ ಪಟ್ಟಿಗಳು ಯೂರೋಪು, ಅಮೆರಿಕದ ಹೆಂಗಸರು ನಡು ಬಿಗಿಯಲು ತೊಡುತ್ತಿದ್ದ ಕಾರ್ಸೆಟ್‌ಗಳಿಗೆ ಬೇಕಾಗಿದ್ದವು. ಬೇರಿಂಗ್ ಜಲಸಂಧಿಯ ಸುತ್ತ ತಿಮಿಂಗಿಲ ಬರಿದಾಗುತ್ತ ಬಂದಂತೆ ಸ್ಯಾನ್‌ಫ್ರಾನ್ಸಿಸ್ಕೋದ ಹಡಗುಗಳು ಪೂರ್ವಕ್ಕೆ ಸರಿದವು. ಬೇಸಿಗೆ ಅಲ್ಲಿ ಎಷ್ಟು ಮೊಟಕೆಂದರೆ, ಹೋಗಿ ಬೇಟೆಯಾಡಿ ಮರಳುವಷ್ಟರಲ್ಲಿ ಸಮುದ್ರ ಹೆಪ್ಪುಗಟ್ಟುತ್ತಿತ್ತು. ಚಳಿಗಾಲವನ್ನು ಅಲ್ಲೇ ಕಳೆಯುವುದೊಂದೇ ದಾರಿ. ಅದಕ್ಕೆ ತಕ್ಕ ಆಳವೂ ಮರೆಯೂ ಇದ್ದದ್ದು ಹರ್ಷೆಲ್‌ನ ಪಾಲಿನ್ ಕೋವ್ ಎಂಬ ಸಣ್ಣ ಕೊಲ್ಲಿಯಲ್ಲಿ. 1890ರಲ್ಲಿ ಮೊದಲು ಮೂರು ಹಡಗುಗಳು ತಂಗಿದವು. ಅವುಗಳಲ್ಲೊಂದಾದ 'ಮೇರಿ ಡಿ. ಹ್ಯೂಮ್' ಎರಡು ಚಳಿಗಾಲ ಕಳೆದು ತಂದ ಸರಕು ಸುಮಾರು 4 ಲಕ್ಷ ಡಾಲರ್ ಬೆಲೆಯದು. ಆ ಸುದ್ದಿ ಸಾಕಾಯಿತು. 1894–95ರ ಚಳಿಗಾಲಕ್ಕೆ ಕೊಲ್ಲಿಯಲ್ಲಿ 15 ಹಡಗುಗಳಿದ್ದವು.

ದಡದಲ್ಲಿ ಉಗ್ರಾಣ, ಮನೆಗಳು ಎದ್ದವು. ತಿಮಿಂಗಿಲ ಬೇಟೆ ಕಂಪನಿ 1893ರಲ್ಲಿ ಕಟ್ಟಿಸಿದ ಸಮುದಾಯ ಭವನ ಇಂದಿಗೂ ನಿಂತಿದೆ. ಸೂರ್ಯ ಕಾಣದ ವಾರಗಳ ಬೇಸರ ಕಳೆಯಲು ನಾವಿಕರು ನಾಟಕವಾಡಿದರು, ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಬೇಸ್‌ಬಾಲ್ ತಂಡ ಕಟ್ಟಿ ಪಂದ್ಯ ನಡೆಸಿದರು. ಇಂಥ ವಿವರಗಳೇ ಹೆಚ್ಚಾಗಿ ನೆನಪಿನಲ್ಲಿ ಉಳಿದಿವೆ. ಆದರೆ ಹಡಗಿನವರ ಹೊಟ್ಟೆ ತುಂಬಿದ್ದು ಸ್ಥಳೀಯರು ಬೇಟೆಯಾಡಿ ತಂದ ಕಾರಿಬೂ ಜಿಂಕೆಯ ಮಾಂಸದಿಂದ. ಬದಲಿಗೆ ಬಂದದ್ದು ಬಂದೂಕು, ಹಿಟ್ಟು, ಬಟ್ಟೆ, ಹೆಂಡ. ಜೊತೆಗೇ ದಡಾರ, ಇನ್‌ಫ್ಲುಯೆಂಜಾ. ಸಾವಿರಗಳಲ್ಲಿದ್ದ ಇನುವಿಯಾಲುಯಿಟ್ ಜನಸಂಖ್ಯೆ 1910ರ ಹೊತ್ತಿಗೆ ಕೆಲವೇ ನೂರಕ್ಕೆ ಕುಸಿಯಿತು. ಆಂಗ್ಲಿಕನ್ ಪಾದ್ರಿ ಐಸಾಕ್ ಸ್ಟ್ರಿಂಗರ್ 1897ರಲ್ಲಿ ಹೆಂಡತಿಯೊಂದಿಗೆ ಬಂದು ನೆಲೆಸಿದ. 1903ರಲ್ಲಿ ಪೊಲೀಸರು ಬಂದರು.

1907ರಲ್ಲಿ ಬಲೀನ್ ಬೆಲೆ ನೆಲಕಚ್ಚಿತು. ಅಗ್ಗದ ಉಕ್ಕಿನ ಪಟ್ಟಿ ಅದರ ಜಾಗಕ್ಕೆ ಬಂದಿತ್ತು, ಉಡುಪಿನ ರೂಢಿಯೂ ಬದಲಾಗುತ್ತಿತ್ತು. ಹಡಗುಗಳು ಬರುವುದು ನಿಂತಿತು. ಮುಂದೆ ನರಿತುಪ್ಪಟದ ವ್ಯಾಪಾರ ಸ್ವಲ್ಪ ಕಾಲ ಊರನ್ನು ಹಿಡಿದಿಟ್ಟಿತು; 1915ರಲ್ಲಿ ತೆರೆದ ಹಡ್ಸನ್ಸ್ ಬೇ ಕಂಪನಿಯ ಮಳಿಗೆ 1937ರಲ್ಲಿ ಮುಚ್ಚಿತು. ಈ ನಡುವೆ, ಕೊಲೆ ಆರೋಪದ ಮೇಲೆ ಅಲಿಕೋಮಿಯಾಕ್, ತತಮಿಗಾನಾ ಎಂಬ ಇಬ್ಬರು ಇನುಯಿಟ್ ಪುರುಷರ ವಿಚಾರಣೆ 1923ರಲ್ಲಿ ದ್ವೀಪದಲ್ಲೇ ನಡೆಯಿತು. 1924ರ ಫೆಬ್ರುವರಿ 1ರಂದು ಅವರನ್ನು ನೇಣಿಗೇರಿಸಿದ್ದು ಹಿಂದೆ ಬಲೀನ್ ತುಂಬಿಡುತ್ತಿದ್ದ ಉಗ್ರಾಣದೊಳಗೆ.

ಪೊಲೀಸ್ ಠಾಣೆ 1964ರಲ್ಲಿ ಕೊನೆಯದಾಗಿ ಬಾಗಿಲು ಹಾಕಿತು. 1984ರಲ್ಲಿ ಸರ್ಕಾರದೊಂದಿಗೆ ಆದ ಭೂ ಒಪ್ಪಂದದಲ್ಲಿ ಇನುವಿಯಾಲುಯಿಟ್ ಜನರ ಹಕ್ಕುಗಳಿಗೆ ಮನ್ನಣೆ ಸಿಕ್ಕಿತು. 1987ರಲ್ಲಿ ದ್ವೀಪ ಪ್ರಾದೇಶಿಕ ಉದ್ಯಾನವಾಯಿತು. ಈಗ ಬೇಸಿಗೆಯಲ್ಲಿ ಉದ್ಯಾನದ ಕಾವಲುಗಾರರು, ವಿಜ್ಞಾನಿಗಳು, ಮೀನು ಹಿಡಿಯಲು ಬರುವ ಇನುವಿಯಾಲುಯಿಟ್ ಕುಟುಂಬಗಳು ಇರುತ್ತವೆ. ಚಳಿಗಾಲಕ್ಕೆ ಯಾರೂ ಉಳಿಯುವುದಿಲ್ಲ. ಪಾದ್ರಿಗಳ ಹಳೆಯ ಮಿಷನ್ ಮನೆಯಲ್ಲಿ ಕಪ್ಪು ಗಿಲಿಮಾಟ್ ಎಂಬ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ನೆಲದೊಳಗಿನ ಮಂಜುಗಡ್ಡೆ ಕರಗಿ ಕಡಲಂಚಿನ ದಿಬ್ಬಗಳು ಕುಸಿಯುತ್ತಿವೆ. ಅಲೆಗಳ ಬಾಯಿಗೆ ಸಿಗದಂತೆ ಕೆಲವು ಕಟ್ಟಡಗಳನ್ನು ಒಳಕ್ಕೆ ಸರಿಸಲಾಗಿದೆ. ಇಳಿಜಾರಿನ ಸ್ಮಶಾನದಲ್ಲಿ ಮಣ್ಣು ಸರಿದಂತೆಲ್ಲ ನಾವಿಕರ ಶವಪೆಟ್ಟಿಗೆಗಳು ಜರುಗುತ್ತಿವೆ, ಕೆಲವು ಮೇಲೆದ್ದು ಕಾಣುತ್ತಿವೆ.